ಏಣಿ ಇದೆ, ಮೆಟ್ಟಿಲು ಎಲ್ಲಿ? ಭಾರತದ ಫುಟ್‌ಬಾಲ್ ಲೀಗ್‌ಗಳ ಕಥೆ

2025ರ ಏಪ್ರಿಲ್ 6ರಂದು ದೇಶದ ಎರಡನೇ ದರ್ಜೆಯ ಫುಟ್‌ಬಾಲ್ ಲೀಗ್ ಆದ ಐ-ಲೀಗ್‌ನ ಕೊನೆಯ ಪಂದ್ಯಗಳು ಮುಗಿದವು. ಅಂಕಪಟ್ಟಿಯಲ್ಲಿ ಗೋವಾದ ಚರ್ಚಿಲ್ ಬ್ರದರ್ಸ್ 40 ಅಂಕದೊಂದಿಗೆ ಮೇಲಿತ್ತು. ವಾರಾಣಸಿಯ ಇಂಟರ್ ಕಾಶಿ 39 ಅಂಕ ಗಳಿಸಿ ಎರಡನೇ ಸ್ಥಾನದಲ್ಲಿತ್ತು. ಆದರೂ ಚಾಂಪಿಯನ್ ಯಾರು ಅಂತ ಖಚಿತವಾಗಿ ಹೇಳುವವರು ಇರಲಿಲ್ಲ. ಜನವರಿಯಲ್ಲಿ ಇಂಟರ್ ಕಾಶಿಯನ್ನು ಸೋಲಿಸಿದ್ದ ನಾಮಧಾರಿ ತಂಡ, ಆ ಪಂದ್ಯದಲ್ಲಿ ಆಡಲು ಅರ್ಹತೆಯಿಲ್ಲದ ಆಟಗಾರನನ್ನು ಇಳಿಸಿತ್ತು ಅನ್ನೋದು ತಕರಾರು. ಫೆಡರೇಷನ್ನಿನ ಒಂದು ಸಮಿತಿ ಕಾಶಿಗೆ ಅಂಕ ಕೊಟ್ಟಿತು. ಮೇಲ್ಮನವಿ ಸಮಿತಿ ಅದನ್ನು ಒಪ್ಪಲಿಲ್ಲ. ಚರ್ಚಿಲ್ ಚಾಂಪಿಯನ್ ಅಂತ ಘೋಷಣೆ ಆಯಿತು, ಕಪ್ಪನ್ನೂ ಕೊಟ್ಟರು. ಕಾಶಿಯವರು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿಗೆ ಹೋದರು. ಜುಲೈ 18ರಂದು ತೀರ್ಪು ಬಂತು. 42 ಅಂಕದೊಂದಿಗೆ ಇಂಟರ್ ಕಾಶಿಯೇ ಚಾಂಪಿಯನ್, ದೇಶದ ಅತಿ ಮೇಲಿನ ಲೀಗ್ ಆದ ಐಎಸ್‌ಎಲ್‌ಗೆ ಬಡ್ತಿ ಅದಕ್ಕೇ.

ಆದರೆ ಅದಕ್ಕೆ ಒಂದು ವಾರ ಮೊದಲು, ಜುಲೈ 11ರಂದು, ಐಎಸ್‌ಎಲ್ ನಡೆಸುವ ಕಂಪನಿ ಮುಂದಿನ ಸೀಸನ್ ಅನ್ನು ತಡೆಹಿಡಿದಿದ್ದೇವೆ ಅಂತ ಕ್ಲಬ್‌ಗಳಿಗೆ ತಿಳಿಸಿಯಾಗಿತ್ತು. ವರ್ಷವಿಡೀ ಆಡಿ, ಮೂರು ತಿಂಗಳು ಕೇಸು ನಡೆಸಿ ಒಂದು ತಂಡ ಮೇಲಿನ ಲೀಗ್‌ಗೆ ಹತ್ತಿತು. ಹತ್ತಿದಾಗ ಅಲ್ಲಿ ಲೀಗೇ ಇರಲಿಲ್ಲ.

ಈ ಎರಡು ಘಟನೆಗಳನ್ನು ಪತ್ರಿಕೆಗಳು ಬೇರೆ ಬೇರೆ ಸುದ್ದಿಯಾಗಿ ಬರೆದವು. ನನಗೆ ಅವು ಒಂದೇ ಕಾಯಿಲೆಯ ಎರಡು ಲಕ್ಷಣಗಳಂತೆ ಕಾಣುತ್ತವೆ. ನಮ್ಮಲ್ಲಿ ಲೀಗ್‌ಗಳಿಗೆ ಕೊರತೆಯಿಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಗೆ ಕೊರತೆಯಿದೆ.

ಕಾಗದದ ಮೇಲೆ ಏಣಿ ಹೀಗಿದೆ

ತುದಿಯಲ್ಲಿ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್. ಅದರ ಕೆಳಗೆ ಐ-ಲೀಗ್ (2026ರಿಂದ ಅದಕ್ಕೆ ಇಂಡಿಯನ್ ಫುಟ್‌ಬಾಲ್ ಲೀಗ್ ಅಂತ ಹೆಸರು), ಅದರ ಕೆಳಗೆ ಐ-ಲೀಗ್ 2, ಅದರ ಕೆಳಗೆ 2023ರಲ್ಲಿ ಶುರುವಾದ ಐ-ಲೀಗ್ 3. ಈ ನಾಲ್ಕೂ ರಾಷ್ಟ್ರಮಟ್ಟದವು, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅಂದರೆ ಎಐಎಫ್‌ಎಫ್‌ನ ವ್ಯಾಪ್ತಿಯವು. ಐದನೇ ಮೆಟ್ಟಿಲಿನಲ್ಲಿ ರಾಜ್ಯಗಳ ಲೀಗ್‌ಗಳಿವೆ. ಅವನ್ನು ಆಯಾ ರಾಜ್ಯದ ಸಂಸ್ಥೆಗಳು ನಡೆಸುತ್ತವೆ. ರಾಜ್ಯ ಲೀಗ್‌ನಲ್ಲಿ ಚೆನ್ನಾಗಿ ಆಡಿದ ತಂಡದ ಹೆಸರನ್ನು ರಾಜ್ಯ ಸಂಸ್ಥೆ ಐ-ಲೀಗ್ 3ಕ್ಕೆ ಕಳಿಸುತ್ತದೆ. ಅಲ್ಲಿಂದ ಮೇಲೆ ಗೆದ್ದವರು ಹತ್ತಬೇಕು, ಸೋತವರು ಇಳಿಯಬೇಕು.

ರಾಜ್ಯ ಲೀಗ್‌ಗಳ ಒಳಗೆ ಮತ್ತೆ ಮೆಟ್ಟಿಲುಗಳಿವೆ. ಬೆಂಗಳೂರಿನಲ್ಲಿ ಸೂಪರ್ ಡಿವಿಷನ್, ಎ ಡಿವಿಷನ್, ಬಿ ಡಿವಿಷನ್, ಸಿ ಡಿವಿಷನ್. ಕೋಲ್ಕತ್ತದ ಲೀಗ್ ಶುರುವಾದದ್ದು 1898ರಲ್ಲಿ. ಅದನ್ನು ನಡೆಸುವ ಸಂಸ್ಥೆಯ ಹೆಸರು ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್. ಹೆಸರು ಕೇಳಿದರೆ ಇಡೀ ದೇಶದ್ದು ಅನಿಸುತ್ತದೆ, ಆದರೆ ಅದು ಪಶ್ಚಿಮ ಬಂಗಾಳದ ಸಂಸ್ಥೆ. 1893ರಲ್ಲಿ ಹುಟ್ಟಿದ್ದು. ಎಐಎಫ್‌ಎಫ್ ಹುಟ್ಟಿದ್ದು ಅದಾಗಿ 44 ವರ್ಷದ ಮೇಲೆ, 1937ರಲ್ಲಿ. ಮಗುವಿಗಿಂತ ಮೊದಲೇ ಮೊಮ್ಮಕ್ಕಳು ಹುಟ್ಟಿದಂತೆ, ನಮ್ಮಲ್ಲಿ ಊರಿನ ಲೀಗ್‌ಗಳು ಮೊದಲು ಬಂದವು, ದೇಶದ ಸಂಸ್ಥೆ ಆಮೇಲೆ ಬಂತು, ದೇಶದ ಲೀಗ್ ಎಲ್ಲಕ್ಕಿಂತ ಕೊನೆಗೆ ಬಂತು.

ಈ ಕ್ರಮವನ್ನು ಸ್ವಲ್ಪ ಗಮನಿಸಿ. ಭಾರತ ಏಷ್ಯನ್ ಗೇಮ್ಸ್ ಚಿನ್ನ ಗೆದ್ದದ್ದು 1951 ಮತ್ತು 1962ರಲ್ಲಿ. ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಬಂದದ್ದು 1956ರಲ್ಲಿ. ಆಗ ದೇಶದಲ್ಲಿ ರಾಷ್ಟ್ರೀಯ ಲೀಗ್ ಅನ್ನೋದೇ ಇರಲಿಲ್ಲ. ಕೋಲ್ಕತ್ತ, ಹೈದರಾಬಾದ್, ಮುಂಬೈ, ಬೆಂಗಳೂರು ಹೀಗೆ ನಾಲ್ಕಾರು ಊರುಗಳ ಲೀಗ್‌ಗಳು, ಜೊತೆಗೆ ಡ್ಯುರಾಂಡ್, ರೋವರ್ಸ್, ಐಎಫ್‌ಎ ಶೀಲ್ಡ್‌ನಂಥ ಟೂರ್ನಿಗಳು, ರಾಜ್ಯ ತಂಡಗಳಿಗೆ ಸಂತೋಷ್ ಟ್ರೋಫಿ. ಇಷ್ಟರಲ್ಲೇ ಆಟಗಾರರು ತಯಾರಾಗುತ್ತಿದ್ದರು. ಆಗ ಬೇರೆ ಏಷ್ಯನ್ ದೇಶಗಳಲ್ಲೂ ದೊಡ್ಡ ವ್ಯವಸ್ಥೆ ಇರಲಿಲ್ಲ ಅನ್ನೋದು ನಿಜ. ಆದರೆ ಊರಿನ ಲೀಗ್‌ಗೆ ಏನು ಶಕ್ತಿ ಇದೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮೇಲಿನಿಂದ ಕಟ್ಟಿದ ಮನೆ

ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಶುರುವಾದದ್ದು 1996ರಲ್ಲಿ. ಮೊದಲ ಚಾಂಪಿಯನ್ ಪಂಜಾಬಿನ ಜೆಸಿಟಿ. ನಮ್ಮ ಬೆಂಗಳೂರಿನ ಐಟಿಐ ಕೂಡ ಆ ಲೀಗ್‌ನಲ್ಲಿ ಆಡಿತ್ತು. 2007ರಲ್ಲಿ ಅದಕ್ಕೆ ಐ-ಲೀಗ್ ಅಂತ ಹೊಸ ಹೆಸರು ಬಂತು. ಮೊದಲ ಸಲ ಗೋವಾದ ಡೆಂಪೊ ಗೆದ್ದಿತು.

ತಿರುವು ಬಂದದ್ದು 2010ರ ಡಿಸೆಂಬರ್‌ನಲ್ಲಿ. ಎಐಎಫ್‌ಎಫ್ ಐಎಂಜಿ-ರಿಲಯನ್ಸ್ ಕಂಪನಿ ಜೊತೆ 15 ವರ್ಷದ ಒಪ್ಪಂದಕ್ಕೆ ಸಹಿ ಹಾಕಿತು. ಮೊತ್ತ 700 ಕೋಟಿ ರೂಪಾಯಿ. ಭಾರತದ ಫುಟ್‌ಬಾಲ್‌ನ ವಾಣಿಜ್ಯ ಹಕ್ಕುಗಳೆಲ್ಲ ಒಂದೇ ಕೈಗೆ ಹೋದವು. ಆ ಕೈಯಿಂದ 2014ರಲ್ಲಿ ಐಎಸ್‌ಎಲ್ ಬಂತು. ಎಂಟು ಫ್ರಾಂಚೈಸಿಗಳು, ವಿದೇಶಿ ಹೆಸರುಗಳು, ಟಿವಿಯಲ್ಲಿ ಚೆಂದದ ಪ್ರಸಾರ. ಫುಟ್‌ಬಾಲ್ ನೋಡದವರೂ ನೋಡಲು ಶುರು ಮಾಡಿದರು. ಅದನ್ನು ನಾನು ಸಣ್ಣ ಸಾಧನೆ ಅಂತ ಎಂದೂ ಹೇಳುವುದಿಲ್ಲ. ಮೈದಾನ, ಫಿಸಿಯೊ, ಸಂಬಳ, ಕಿರಿಯರ ತರಬೇತಿ ಎಲ್ಲದರಲ್ಲೂ ಮಟ್ಟ ಏರಿತು.

ತೊಂದರೆ ಇದ್ದದ್ದು ಜೋಡಣೆಯಲ್ಲಿ. ಐಎಸ್‌ಎಲ್‌ಗೆ ಹೋಗಲು ಲೀಗ್ ಗೆಲ್ಲಬೇಕಾಗಿರಲಿಲ್ಲ, ಫ್ರಾಂಚೈಸಿ ಶುಲ್ಕ ಕಟ್ಟಬೇಕಿತ್ತು. ಕೆಳಗೆ ಬೀಳುವ ಭಯವೂ ಇರಲಿಲ್ಲ. ದೇಶದಲ್ಲಿ ಏಕಕಾಲಕ್ಕೆ ಎರಡು ದೊಡ್ಡ ಲೀಗ್‌ಗಳು ನಡೆದವು. ಒಂದರಲ್ಲಿ ದುಡ್ಡಿತ್ತು, ಇನ್ನೊಂದರಲ್ಲಿ ಚರಿತ್ರೆಯಿತ್ತು. 2016ರಲ್ಲಿ ಐಎಸ್‌ಎಲ್ ಮೇಲೆ, ಐ-ಲೀಗ್ ಕೆಳಗೆ ಅನ್ನುವ ಯೋಜನೆ ಹೊರಬಿದ್ದಾಗ ಗೋವಾದ ಡೆಂಪೊ, ಸಾಲ್‌ಗಾಂವ್‌ಕರ್, ಸ್ಪೋರ್ಟಿಂಗ್ ಕ್ಲಬ್ ಮೂರೂ ಐ-ಲೀಗ್ ಬಿಟ್ಟು ಹೊರನಡೆದವು. ಐದು ಸಲ ದೇಶದ ಚಾಂಪಿಯನ್ ಆಗಿದ್ದ ಡೆಂಪೊ ಮತ್ತೆ ಐ-ಲೀಗ್‌ನಲ್ಲಿ ಆಡಿದ್ದು 2024-25ರಲ್ಲಿ. ಎಂಟು ವರ್ಷ ಅಂದರೆ ಒಬ್ಬ ಆಟಗಾರನ ಇಡೀ ವೃತ್ತಿ ಮುಗಿಯುವಷ್ಟು ಕಾಲ, ಅಲ್ವಾ?

ಆ ಗೋವಾ ಕ್ಲಬ್‌ಗಳು ಬಿಟ್ಟ ಜಾಗದಿಂದಲೇ ನಮ್ಮ ಫುಟ್‌ಬಾಲ್‌ನ ಅತ್ಯಂತ ಸುಂದರ ಕಥೆಯೊಂದು ಹುಟ್ಟಿತು. ಮಿಜೋರಾಂನ ಐಜಾಲ್ ಎಫ್‌ಸಿ 2015-16ರಲ್ಲಿ ಐ-ಲೀಗ್‌ನಿಂದ ಹಿಂಬಡ್ತಿ ಪಡೆದಿತ್ತು. ಜಾಗ ಖಾಲಿಯಾದದ್ದರಿಂದ ಅದನ್ನು ವಾಪಸ್ ಕರೆದರು. ಖಾಲಿದ್ ಜಮೀಲ್ ಕೋಚ್ ಆಗಿ ಬಂದರು. 2017ರ ಏಪ್ರಿಲ್ 30ರಂದು ಶಿಲ್ಲಾಂಗ್‌ನಲ್ಲಿ ಲಾಜಾಂಗ್ ವಿರುದ್ಧ 1-1 ಡ್ರಾ ಮಾಡಿಕೊಂಡು ಐಜಾಲ್ ದೇಶದ ಚಾಂಪಿಯನ್ ಆಯಿತು. ಈಶಾನ್ಯದಿಂದ ಗೆದ್ದ ಮೊದಲ ಕ್ಲಬ್. ಇದು ಆಕಾಶದಿಂದ ಉದುರಿದ್ದಲ್ಲ. ಮಿಜೋರಾಂ 2012ರಲ್ಲಿ ತನ್ನದೇ ಪ್ರೀಮಿಯರ್ ಲೀಗ್ ಶುರು ಮಾಡಿತ್ತು. ಸಣ್ಣ ರಾಜ್ಯ, ಕೈಗೆಟುಕುವ ದೂರದಲ್ಲಿ ತಂಡಗಳು, ಸ್ಥಳೀಯ ಟಿವಿಯಲ್ಲಿ ಪಂದ್ಯ, ತುಂಬಿದ ಮೈದಾನ. ಇವತ್ತಿಗೂ ದೇಶದ ಯಾವುದೇ ಲೀಗ್ ತೆಗೆದು ನೋಡಿ, ಮಿಜೋ ಹುಡುಗರು ಸಿಗುತ್ತಾರೆ.

ಆದರೆ ಐಜಾಲ್ ಗೆದ್ದ ಮೇಲೆ ಏನಾಯಿತು? ಮುಂದಿನ ಸೀಸನ್‌ನಲ್ಲಿ ಐಎಸ್‌ಎಲ್‌ಗೆ ಎರಡು ಹೊಸ ತಂಡ ಸೇರಿದವು. ಬೆಂಗಳೂರು ಎಫ್‌ಸಿ ಮತ್ತು ಜಮ್‌ಶೆಡ್‌ಪುರ. ದೇಶದ ಚಾಂಪಿಯನ್ ಐಜಾಲ್ ಇದ್ದಲ್ಲೇ ಉಳಿಯಿತು. 2019ರಲ್ಲಿ ಏಷ್ಯನ್ ಫುಟ್‌ಬಾಲ್ ಒಕ್ಕೂಟದ ಒಪ್ಪಿಗೆಯೊಂದಿಗೆ ಐಎಸ್‌ಎಲ್ ಅಧಿಕೃತವಾಗಿ ಮೊದಲ ದರ್ಜೆಯ ಲೀಗ್ ಆಯಿತು. ಐ-ಲೀಗ್ ಎರಡನೆಯದಾಯಿತು.

ಅದೇ 2019ರ ಯೋಜನೆಯಲ್ಲಿ ಒಂದು ಮಾತು ಕೊಟ್ಟಿದ್ದರು. 2022-23ರಿಂದ ಐ-ಲೀಗ್ ಗೆದ್ದವರಿಗೆ ಶುಲ್ಕವಿಲ್ಲದೆ ಐಎಸ್‌ಎಲ್ ಪ್ರವೇಶ. 2024-25ರಿಂದ ಪೂರ್ತಿ ಬಡ್ತಿ, ಹಿಂಬಡ್ತಿ. ಮೊದಲರ್ಧ ನಡೆಯಿತು. 2023ರಲ್ಲಿ ಪಂಜಾಬ್, 2024ರಲ್ಲಿ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಮೇಲೆ ಹತ್ತಿದವು. ಎರಡನೇ ಅರ್ಧ ನಡೆಯಲಿಲ್ಲ. 2024-25ರಲ್ಲಿ ಐಎಸ್‌ಎಲ್‌ನ ಕೊನೆಯ ಸ್ಥಾನದಲ್ಲಿದ್ದ ತಂಡ ಕೆಳಗಿಳಿಯಲಿಲ್ಲ.

ಹತ್ತುವ ದಾರಿ ಮಾತ್ರ ಇದ್ದು ಇಳಿಯುವ ದಾರಿ ಇಲ್ಲದಿದ್ದರೆ ಏನಾಗುತ್ತದೆ? ಮೇಲಿನ ಲೀಗ್ ವರ್ಷಕ್ಕೊಂದು ತಂಡದಂತೆ ಉಬ್ಬುತ್ತ ಹೋಗುತ್ತದೆ. ಎಂಟು ತಂಡದಿಂದ ಶುರುವಾದದ್ದು 2025-26ಕ್ಕೆ 14. ಸೀಸನ್‌ನ ಅರ್ಧದಲ್ಲೇ ಕೆಳಗಿನ ನಾಲ್ಕೈದು ತಂಡಗಳಿಗೆ ಆಡಲು ಕಾರಣವೇ ಇರುವುದಿಲ್ಲ. ಬೇರೆ ದೇಶಗಳಲ್ಲಿ ಕೊನೆಯ ವಾರದ ಅತಿ ಬಿಸಿ ಪಂದ್ಯಗಳು ನಡೆಯುವುದು ಅಂಕಪಟ್ಟಿಯ ತಳದಲ್ಲಿ. ನಮ್ಮಲ್ಲಿ ಆ ಪಂದ್ಯಗಳು ಸುಮ್ನೆ ಮುಗಿದು ಹೋಗುತ್ತವೆ.

ಅಶೋಕನಗರದ ಮಧ್ಯಾಹ್ನ

ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ನೀವು ಒಂದು ವಾರದ ದಿನ ಮಧ್ಯಾಹ್ನ ಹೋಗಿ ನೋಡಿ. ಗರುಡಾ ಮಾಲ್‌ನ ಗದ್ದಲದಿಂದ ನಡೆದು ಹೋಗುವಷ್ಟು ಹತ್ತಿರ. ಸೂಪರ್ ಡಿವಿಷನ್ ಪಂದ್ಯ ನಡೆಯುತ್ತಿರುತ್ತದೆ. ಕೃತಕ ಹುಲ್ಲು ಬಿಸಿಲಿಗೆ ಕಾದಿರುತ್ತದೆ. ಯಾರಾದರೂ ಜಾರಿ ಟ್ಯಾಕಲ್ ಮಾಡಿದರೆ ಕಪ್ಪು ರಬ್ಬರ್ ಹರಳುಗಳು ಪುಡಿ ಎದ್ದ ಹಾಗೆ ಮೇಲೇಳುತ್ತವೆ. ಪಂದ್ಯ ಮುಗಿದ ಮೇಲೆ ಹುಡುಗರು ಮೆಟ್ಟಿಲ ಮೇಲೆ ಕೂತು ಶೂ ತಲೆಕೆಳಗು ಮಾಡಿ ಕುಟ್ಟುತ್ತಾರೆ, ಹಿಡಿಯಷ್ಟು ಹರಳು ಬೀಳುತ್ತದೆ. ನೋಡಲು ಬಂದವರಲ್ಲಿ ಅರ್ಧ ಜನ ಹಳೇ ಆಟಗಾರರು. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಗೌತಮಪುರದವರು. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಎದುರಿನ ತಂಡದ ಲೆಫ್ಟ್ ಬ್ಯಾಕ್ ಯಾರ ಮಗ, ಯಾರ ಅಣ್ಣನ ಮಗ ಅಂತ ಅವರಿಗೆ ಗೊತ್ತಿರುತ್ತದೆ.

ಈ ಲೀಗ್ ಒಂದು ಕಾಲದಲ್ಲಿ ನಿಂತಿದ್ದು ಕಾರ್ಖಾನೆಗಳ ಮೇಲೆ. ಐಟಿಐ, ಎಚ್‌ಎಎಲ್, ಬಿಇಎಂಎಲ್, ಎಲ್‌ಆರ್‌ಡಿಇ, ಸೇನೆಯ ಎಂಇಜಿ, ಎಎಸ್‌ಸಿ. ಚೆನ್ನಾಗಿ ಆಡುವ ಹುಡುಗನಿಗೆ ಕ್ರೀಡಾ ಕೋಟಾದಲ್ಲಿ ಕೆಲಸ ಸಿಗುತ್ತಿತ್ತು. ಬೆಳಿಗ್ಗೆ ಪ್ರಾಕ್ಟೀಸ್, ಆಮೇಲೆ ಡ್ಯೂಟಿ, ಸೀಸನ್‌ನಲ್ಲಿ ಮ್ಯಾಚಿಗೆ ಬಿಡುವು. ಮನೆಯಲ್ಲಿ ಅಪ್ಪ ಅಮ್ಮ ಬಯ್ಯುತ್ತಿರಲಿಲ್ಲ, ಯಾಕೆಂದರೆ ಚೆಂಡಿನ ಹಿಂದೆ ಪಿಂಚಣಿ ಇತ್ತು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದದ್ದು ಇಂಥ ಕಾಲದಲ್ಲಿ. ಕೊನೆಯದು 1968-69. ಆಮೇಲೆ ನಾವು ಮತ್ತೆ ಗೆದ್ದದ್ದು 54 ವರ್ಷದ ನಂತರ, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ.

ನಡುವೆ ಏನಾಯಿತು? ಸಾರ್ವಜನಿಕ ಉದ್ದಿಮೆಗಳಲ್ಲಿ ಕ್ರೀಡಾ ಕೋಟಾ ನೇಮಕಾತಿ ಕಡಿಮೆಯಾಯಿತು. ಇನ್ನೊಂದು ಕಡೆಯಿಂದ ಏಷ್ಯನ್ ಒಕ್ಕೂಟದ ಕ್ಲಬ್ ಲೈಸೆನ್ಸಿಂಗ್ ನಿಯಮಗಳು ಬಂದವು. ಕ್ಲಬ್ ಅಂದರೆ ಸ್ವತಂತ್ರ ಸಂಸ್ಥೆಯಾಗಿರಬೇಕು, ಕಿರಿಯರ ತಂಡಗಳಿರಬೇಕು, ಲೆಕ್ಕಪತ್ರ ಸರಿಯಿರಬೇಕು. ಒಳ್ಳೆಯ ನಿಯಮಗಳೇ. ಆದರೆ ಕಚೇರಿಯ ಒಂದು ವಿಭಾಗದಂತೆ ನಡೆಯುವ ತಂಡಕ್ಕೆ ಅವು ಹೊಂದುವುದಿಲ್ಲ. ಏರ್ ಇಂಡಿಯಾ ಮತ್ತು ಒಎನ್‌ಜಿಸಿ 2013ರಲ್ಲಿ ಐ-ಲೀಗ್‌ನಿಂದ ಹೊರಬಿದ್ದದ್ದು ಈ ಕಾರಣಕ್ಕೇ. ಎಚ್‌ಎಎಲ್ ಅದಕ್ಕೆ ಮೊದಲೇ, 2011-12ರಲ್ಲಿ ಕೊನೆಯ ಸ್ಥಾನ ಬಂದು ಇಳಿದಿತ್ತು. ಆಮೇಲೆ ಬೆಂಗಳೂರಿನ ಯಾವ ಕಾರ್ಖಾನೆ ತಂಡವೂ ಆ ಮಟ್ಟಕ್ಕೆ ಮರಳಲಿಲ್ಲ.

ಅವು ಬಿಟ್ಟ ಜಾಗ ತುಂಬಿದ್ದು ಬೆಂಗಳೂರು ಎಫ್‌ಸಿ. 2013ರಲ್ಲಿ ಹುಟ್ಟಿ ನೇರವಾಗಿ ಐ-ಲೀಗ್‌ಗೆ ಬಂತು. ಮೊದಲ ಸೀಸನ್ ಆಡಿದ್ದು ಇದೇ ಅಶೋಕನಗರದ ಮೈದಾನದಲ್ಲಿ, ಅದೇ ವರ್ಷ ಚಾಂಪಿಯನ್ ಆಯಿತು. ವೆಸ್ಟ್ ಬ್ಲಾಕ್ ಅಭಿಮಾನಿಗಳ ಹಾಡು, ಸುನಿಲ್ ಛೇತ್ರಿ, 2016ರ ಎಎಫ್‌ಸಿ ಕಪ್ ಫೈನಲ್. ಈ ಊರಿನ ಹುಡುಗರಿಗೆ ಅದು ಕೊಟ್ಟ ಹೆಮ್ಮೆ ದೊಡ್ಡದು. ಆದರೂ ಅದು ಸಿ ಡಿವಿಷನ್‌ನಿಂದ ಹತ್ತಿ ಬಂದ ತಂಡ ಅಲ್ಲ. ಏಣಿ ಹತ್ತಿ ಬರುವುದು ಎಷ್ಟು ಕಷ್ಟ ಅಂತ ನೋಡಬೇಕಾದರೆ ಎಸ್‌ಸಿ ಬೆಂಗಳೂರು ತಂಡವನ್ನು ನೋಡಬೇಕು. 2023-24ರಲ್ಲಿ ಅದು ಐ-ಲೀಗ್ 2 ಗೆದ್ದಿತು. ಐ-ಲೀಗ್‌ಗೆ ಬಂತು. ಮುಂದಿನ ವರ್ಷವೇ ಹಿಂಬಡ್ತಿಯಾಯಿತು.

ಹತ್ತಿದ ವರ್ಷವೇ ಇಳಿಯುವುದು ಯಾವ ದೇಶದಲ್ಲೂ ಆಗುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಬೆಂಗಳೂರಿನ ತಂಡವೊಂದು ರಾಜ್ಯ ಲೀಗ್ ಆಡುವಾಗ ಎಲ್ಲ ಪಂದ್ಯಕ್ಕೂ ಸಿಟಿ ಬಸ್ಸಿನಲ್ಲೋ ಸ್ಕೂಟರಿನಲ್ಲೋ ಬರಬಹುದು. ಐ-ಲೀಗ್‌ಗೆ ಹೋದ ತಕ್ಷಣ ಐಜಾಲ್, ಶ್ರೀನಗರ, ಶಿಲ್ಲಾಂಗ್, ಗೋವಾ, ಕೋಯಿಕ್ಕೋಡ್. ಇಪ್ಪತ್ತೈದು ಜನರ ವಿಮಾನ ಟಿಕೆಟ್, ಹೋಟೆಲ್. ವಿದೇಶಿ ಆಟಗಾರರ ಸಂಬಳ ಬೇರೆ. ಟಿವಿ ಹಕ್ಕಿನಿಂದ ಬರುವ ದುಡ್ಡು ಹೆಚ್ಚುಕಡಿಮೆ ಏನೂ ಇಲ್ಲ. ರಾಜ್ಯದಿಂದ ರಾಷ್ಟ್ರಕ್ಕೆ ಇರುವ ಅಂತರ ಒಂದು ಮೆಟ್ಟಿಲಿನದಲ್ಲ, ಒಂದು ಮಹಡಿಯದು.

ಇನ್ನೊಂದು ವಿಷಯ ನಮ್ಮ ರಾಜ್ಯದ್ದೇ. ಕರ್ನಾಟಕದ ಲೀಗ್ ಅಂದರೆ ಬಹುಮಟ್ಟಿಗೆ ಬೆಂಗಳೂರಿನ ಲೀಗ್. ಕೊಡಗಿನ ಹೆಸರಿಟ್ಟುಕೊಂಡ ತಂಡವೂ ಆಡಲು ಬೆಂಗಳೂರಿಗೇ ಬರಬೇಕಾಯಿತು. ಬೆಳಗಾವಿ, ಮಂಗಳೂರು, ಮೈಸೂರು, ಕೆಜಿಎಫ್ ಎಲ್ಲ ಕಡೆ ಫುಟ್‌ಬಾಲ್‌ಗೆ ಹಳೆಯ ಬೇರಿದೆ. ಅಲ್ಲಿನ ಹುಡುಗನಿಗೆ ಹದಿನಾರಕ್ಕೆ ಒಂದು ಪ್ರಶ್ನೆ ಎದುರಾಗುತ್ತದೆ. ಊರು ಬಿಟ್ಟು ಬೆಂಗಳೂರಿಗೆ ಬರಬೇಕೋ, ಆಟ ಬಿಡಬೇಕೋ? ಬಂದವರಿಗೂ ಸಿಗುವುದು ಕೆಲವೇ ತಿಂಗಳ ಲೀಗ್. ಸಾಮಾನ್ಯವಾಗಿ ಎಲ್ಲರೊಡನೆ ಒಂದೊಂದೇ ಸಲ ಆಡಿದರೆ ಮುಗಿಯಿತು. ಉಳಿದ ತಿಂಗಳುಗಳಲ್ಲಿ ಏಳೇಳು ಜನ ಆಡುವ ಸೆವೆನ್ಸ್ ಟೂರ್ನಿ, ಕಾಲೇಜು ತಂಡ, ಇಲ್ಲವೇ ಡೆಲಿವರಿ ಕೆಲಸ. ಹತ್ತೊಂಬತ್ತರ ಹುಡುಗನಿಗೆ ವರ್ಷಕ್ಕೆ ಮೂವತ್ತು ನಲವತ್ತು ಗಟ್ಟಿ ಪಂದ್ಯ ಬೇಕು. ಅದಿಲ್ಲದೆ ಅವನ ಕಾಲು ಬೆಳೆಯುವುದಿಲ್ಲ, ತಲೆಯೂ ಬೆಳೆಯುವುದಿಲ್ಲ.

ದೂರ ಮತ್ತು ದುಡ್ಡು

ಪ್ರಾದೇಶಿಕ ಲೀಗ್ ಅನ್ನೋದು ಯಾಕೆ ಬೇಕು ಅಂತ ಕೆಲವರು ಕೇಳುತ್ತಾರೆ. ಉತ್ತರ ಸರಳ. ಸಣ್ಣ ಕ್ಲಬ್‌ಗೆ ಎದುರಾಳಿಗಿಂತ ದೊಡ್ಡ ಶತ್ರು ಪ್ರಯಾಣದ ಖರ್ಚು. ನಮ್ಮ ಹತ್ತನೇ ಒಂದು ಭಾಗದಷ್ಟು ವಿಸ್ತೀರ್ಣವಿರುವ ಜರ್ಮನಿಯಲ್ಲೇ ಇಡೀ ದೇಶ ಸುತ್ತಿ ಆಡುವ ಲೀಗ್‌ಗಳು ಮೂರು ಮಾತ್ರ. ನಾಲ್ಕನೇ ಮೆಟ್ಟಿಲಿನಲ್ಲಿ ದೇಶ ಐದು ಪ್ರದೇಶಗಳಾಗಿ ಒಡೆಯುತ್ತದೆ. ಉತ್ತರ, ಈಶಾನ್ಯ, ಪಶ್ಚಿಮ, ನೈಋತ್ಯ, ಬವೇರಿಯಾ. ಅಲ್ಲೂ ಜಗಳ ಇದೆ. ಐದು ಚಾಂಪಿಯನ್ನರು, ಮೇಲೆ ಹೋಗಲು ಜಾಗ ನಾಲ್ಕೇ. ಗೆದ್ದವನು ಹತ್ತಲೇಬೇಕು ಅಂತ ಅಲ್ಲಿನ ಅಭಿಮಾನಿಗಳು ವರ್ಷಗಟ್ಟಲೆ ಹೋರಾಡುತ್ತಿದ್ದಾರೆ. ಆ ಜಗಳ ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ನಾಲ್ಕನೇ ದರ್ಜೆಯ ಬಡ್ತಿಗಾಗಿ ಬೀದಿಗಿಳಿಯುವಷ್ಟು ಜನ ಅಲ್ಲಿದ್ದಾರೆ.

ಜಪಾನ್ ನಮಗೆ ಇನ್ನೂ ಹತ್ತಿರದ ಪಾಠ. ಅಲ್ಲೂ ಮೊದಲಿದ್ದದ್ದು ಕಂಪನಿ ತಂಡಗಳೇ. 1993ರಲ್ಲಿ ಹತ್ತು ಕ್ಲಬ್‌ಗಳೊಂದಿಗೆ ಜೆ-ಲೀಗ್ ಶುರುವಾಯಿತು. ಕಂಪನಿಯ ಹೆಸರು ಬಿಟ್ಟು ಊರಿನ ಹೆಸರು ಇಟ್ಟುಕೊಳ್ಳಿ ಅಂದರು. ಆರು ವರ್ಷಕ್ಕೆ, 1999ರಲ್ಲಿ, ಎರಡನೇ ಡಿವಿಷನ್ ಬಂತು, ಜೊತೆಗೇ ಬಡ್ತಿ ಹಿಂಬಡ್ತಿ. 2014ರಲ್ಲಿ ಮೂರನೆಯದು. ಈಗ ಮೂರು ಡಿವಿಷನ್‌ಗಳಲ್ಲಿ ತಲಾ 20ರಂತೆ 60 ಕ್ಲಬ್‌ಗಳಿವೆ. ಅದರ ಕೆಳಗೆ ಒಂದು ರಾಷ್ಟ್ರಮಟ್ಟದ ಲೀಗ್, ಮತ್ತೆ ಒಂಬತ್ತು ಪ್ರಾದೇಶಿಕ ಲೀಗ್. ಜಪಾನ್ ಕೂಡ ಮೇಲಿನಿಂದಲೇ ಶುರು ಮಾಡಿತು, ನಮ್ಮ ಹಾಗೆಯೇ. ಆದರೆ ಆರೇ ವರ್ಷದಲ್ಲಿ ಬಾಗಿಲು ತೆರೆಯಿತು.

ನಮ್ಮಲ್ಲೂ ಏಣಿ ಕೆಲಸ ಮಾಡಿದ ಉದಾಹರಣೆ ಇಲ್ಲದಿಲ್ಲ. ಬಂಗಾಳದ ಡೈಮಂಡ್ ಹಾರ್ಬರ್ ಎಫ್‌ಸಿ ಹುಟ್ಟಿದ್ದು 2022ರಲ್ಲಿ. 2024-25ರ ಐ-ಲೀಗ್ 3 ಗೆದ್ದು, ಬೆನ್ನಿಗೇ ಐ-ಲೀಗ್ 2 ಕೂಡ ಗೆದ್ದು, ಐ-ಲೀಗ್‌ಗೆ ಹತ್ತಿತು. 2025ರ ಡ್ಯುರಾಂಡ್ ಕಪ್ ಫೈನಲ್‌ವರೆಗೂ ಹೋಯಿತು. ದುಡ್ಡಿನ ಬೆಂಬಲವಿದ್ದರೆ ಹತ್ತಬಹುದು ಅನ್ನೋದನ್ನು ಇದು ತೋರಿಸುತ್ತದೆ. ದುಡ್ಡು ಕಡಿಮೆಯಿದ್ದು ಆಟ ಚೆನ್ನಾಗಿರುವ ಕ್ಲಬ್ ಹತ್ತಬಹುದೇ ಅನ್ನೋದು ಬೇರೆ ಪ್ರಶ್ನೆ. ಐ-ಲೀಗ್ 3ರಲ್ಲಿ ತಂಡಗಳನ್ನು ಗುಂಪು ಮಾಡಿ ಒಂದೇ ಊರಿನಲ್ಲಿ ಆಡಿಸುವುದು ಖರ್ಚು ಉಳಿಸಲು. ಅದರಿಂದ ಖರ್ಚೇನೋ ಉಳಿಯುತ್ತದೆ. ಆದರೆ ತವರಿನ ಪಂದ್ಯ ಅನ್ನೋದೇ ಇಲ್ಲವಾಗುತ್ತದೆ. ತನ್ನ ಊರಿನ ತಂಡ ರಾಷ್ಟ್ರಮಟ್ಟದಲ್ಲಿ ಆಡುತ್ತಿದೆ ಅಂತ ಆ ಊರಿಗೇ ಗೊತ್ತಾಗುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಮೂರನೇ ಮತ್ತು ನಾಲ್ಕನೇ ಮೆಟ್ಟಿಲುಗಳು ರಾಷ್ಟ್ರೀಯವಾಗಿರಬೇಕಿಲ್ಲ. ದಕ್ಷಿಣಕ್ಕೊಂದು, ಪಶ್ಚಿಮಕ್ಕೊಂದು, ಪೂರ್ವಕ್ಕೊಂದು, ಈಶಾನ್ಯಕ್ಕೊಂದು, ಉತ್ತರಕ್ಕೊಂದು ಲೀಗ್ ಇರಲಿ. ಬೆಂಗಳೂರಿನ ತಂಡ ರಾತ್ರಿ ಬಸ್ಸಿನಲ್ಲಿ ಹೊರಟು ಕೋಯಿಕ್ಕೋಡ್, ಚೆನ್ನೈ, ಹೈದರಾಬಾದ್‌ನಲ್ಲಿ ಆಡಿ ಬರಲಿ. ವರ್ಷಕ್ಕೆ ಇಪ್ಪತ್ತು ಪಂದ್ಯ, ಅರ್ಧ ತವರಿನಲ್ಲಿ. ಕೇರಳದಲ್ಲಿ 2024ರಲ್ಲಿ ಶುರುವಾದ ಸೂಪರ್ ಲೀಗ್ ಕೇರಳಕ್ಕೆ ಜನ ಬಂದದ್ದು ನೋಡಿದರೆ ಅಕ್ಕಪಕ್ಕದ ಊರುಗಳ ಪೈಪೋಟಿಗೆ ನೋಡುಗರಿದ್ದಾರೆ ಅನ್ನೋದು ಗೊತ್ತಾಗುತ್ತದೆ. ಅದು ಫ್ರಾಂಚೈಸಿ ಲೀಗ್, ರಾಷ್ಟ್ರೀಯ ಏಣಿಗೆ ಸೇರಿದ್ದಲ್ಲ. ಆ ಜನ, ಆ ಗದ್ದಲ ಏಣಿಯ ಒಳಗೇ ಸಿಗುವಂತಿದ್ದರೆ ಎಷ್ಟು ಚೆನ್ನಾಗಿತ್ತು.

ಕೋರ್ಟಿನಿಂದ ಮೈದಾನಕ್ಕೆ

ಈಗ ಮೊದಲಿನ ಮಾತಿಗೆ ಬರೋಣ. ಐಎಸ್‌ಎಲ್ ಯಾಕೆ ನಿಂತಿತು? 2010ರ ಆ 15 ವರ್ಷದ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುತ್ತಿತ್ತು. ಹೊಸ ಒಪ್ಪಂದ ಮಾಡಿಕೊಳ್ಳಲು ಎಐಎಫ್‌ಎಫ್‌ಗೆ ಸಾಧ್ಯವಿರಲಿಲ್ಲ, ಯಾಕೆಂದರೆ ಅದರ ಸಂವಿಧಾನದ ಪ್ರಶ್ನೆ ಸುಪ್ರೀಂ ಕೋರ್ಟ್‌ನಲ್ಲಿ ಬಾಕಿ ಇತ್ತು. ಆ ಕೇಸಿನ ಬಾಲ ಉದ್ದ. ಇದೇ ಗೊಂದಲದಲ್ಲಿ 2022ರ ಆಗಸ್ಟ್‌ನಲ್ಲಿ ಫಿಫಾ ಭಾರತವನ್ನು ಅಮಾನತು ಮಾಡಿ, ಹತ್ತು ಹನ್ನೊಂದು ದಿನದ ಮೇಲೆ ತೆರವು ಮಾಡಿತ್ತು.

2025ರ ಸೆಪ್ಟೆಂಬರ್ 19ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಿವೃತ್ತ ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಸಿದ್ಧಪಡಿಸಿದ್ದ ಸಂವಿಧಾನದ ಕರಡನ್ನು ಕೆಲವು ಬದಲಾವಣೆಗಳೊಂದಿಗೆ ಒಪ್ಪಿತು. ಅತಿ ಮೇಲಿನ ಲೀಗ್ ಫೆಡರೇಷನ್ನಿನದೇ ಆಗಿರಬೇಕು, ಅದರಲ್ಲಿ ಬಡ್ತಿ ಹಿಂಬಡ್ತಿ ಇರಬೇಕು ಅನ್ನೋದು ಅದರ ತಿರುಳು. ಅಂದರೆ ಹನ್ನೊಂದು ವರ್ಷ ನಡೆದ ಮಾದರಿಯನ್ನೇ ಬದಲಿಸುವ ಮಾತು.

ನಂತರ ಎಐಎಫ್‌ಎಫ್ ಐಎಸ್‌ಎಲ್‌ನ ವಾಣಿಜ್ಯ ಹಕ್ಕುಗಳಿಗೆ ಟೆಂಡರ್ ಕರೆಯಿತು. ವರ್ಷಕ್ಕೆ ಕನಿಷ್ಠ 37.5 ಕೋಟಿ ರೂಪಾಯಿ ಅಥವಾ ಆದಾಯದ ಶೇ. 5, ಯಾವುದು ಜಾಸ್ತಿಯೋ ಅದು. ನವೆಂಬರ್ 7ರ ಗಡುವಿನೊಳಗೆ ಒಂದೇ ಒಂದು ಬಿಡ್ ಕೂಡ ಬರಲಿಲ್ಲ. ಆಟಗಾರರು ಕ್ಲಬ್ ಕ್ಯಾಂಪ್‌ಗಳಲ್ಲಿ ಕಾದು ಕೂತರು. ಕೆಲವು ಕ್ಲಬ್‌ಗಳು ತರಬೇತಿಯನ್ನೇ ನಿಲ್ಲಿಸಿದವು. ಮುಂಬೈ ಸಿಟಿಯಲ್ಲಿ ಹಣ ಹೂಡಿದ್ದ ಮ್ಯಾಂಚೆಸ್ಟರ್‌ನ ಸಿಟಿ ಫುಟ್‌ಬಾಲ್ ಗ್ರೂಪ್ ಹೊರಗೆ ಹೋಯಿತು. 2026ರ ಜನವರಿ 6ರಂದು ಕ್ರೀಡಾ ಸಚಿವರು ಫೆಬ್ರವರಿ 14ಕ್ಕೆ ಲೀಗ್ ಶುರು ಅಂತ ಪ್ರಕಟಿಸಿದರು. 14 ತಂಡ, 91 ಪಂದ್ಯ. ಅಂದರೆ ಒಂದು ತಂಡಕ್ಕೆ 13 ಪಂದ್ಯ ಮಾತ್ರ. ಏಷ್ಯನ್ ಟೂರ್ನಿಗಳಿಗೆ ಹೋಗುವ ಕ್ಲಬ್ ಒಂದು ಸೀಸನ್‌ನಲ್ಲಿ ಕನಿಷ್ಠ 24 ಪಂದ್ಯ ಆಡಿರಬೇಕು ಅನ್ನೋದು ನಿಯಮ. ಬೆಂಗಳೂರಿನ ಸೂಪರ್ ಡಿವಿಷನ್ ಹುಡುಗನ ಕಷ್ಟ ದೇಶದ ಅತಿ ದೊಡ್ಡ ಲೀಗ್‌ಗೂ ಬಂದು ಮುಟ್ಟಿತು. ಅದೇ ಹಳೇ ದೂರು, ಆಡಲು ಪಂದ್ಯ ಸಾಲದು.

ರಾಷ್ಟ್ರೀಯ ತಂಡದ ಸ್ಥಿತಿ ಇದಕ್ಕೆ ಕನ್ನಡಿ. 2023ರ ಜುಲೈನಲ್ಲಿ ಫಿಫಾ ಪಟ್ಟಿಯಲ್ಲಿ ನಾವು 99ನೇ ಸ್ಥಾನದಲ್ಲಿದ್ದೆವು. ಎರಡು ವರ್ಷಕ್ಕೆ 133. ಕೋಚ್ ಬದಲಾದರು, ಮತ್ತೆ ಬದಲಾದರು. 2025ರ ಆಗಸ್ಟ್‌ನಲ್ಲಿ ಆ ಜಾಗಕ್ಕೆ ಬಂದವರು ಖಾಲಿದ್ ಜಮೀಲ್. ಐಜಾಲ್ ಅನ್ನು ಚಾಂಪಿಯನ್ ಮಾಡಿದ ಅದೇ ಜಮೀಲ್. ಕೋಚ್ ಯಾರೇ ಇರಲಿ, ಆರಿಸಲು ಆಟಗಾರರು ಕೆಳಗಿನಿಂದ ಬರಬೇಕಲ್ಲ.

ಹಿಂಬಡ್ತಿಗೆ ಐಎಸ್‌ಎಲ್ ಕ್ಲಬ್‌ಗಳ ವಿರೋಧಕ್ಕೆ ಕಾರಣವಿಲ್ಲ ಅಂತ ನಾನು ಹೇಳುವುದಿಲ್ಲ. ವರ್ಷಗಳಿಂದ ಕೋಟಿಗಟ್ಟಲೆ ನಷ್ಟ ಹೊತ್ತು ನಡೆಸಿದ್ದೇವೆ, ಒಂದು ಕೆಟ್ಟ ಸೀಸನ್‌ಗೆ ಎಲ್ಲ ಹೋಗಬೇಕಾ ಅನ್ನೋದು ಅವರ ಪ್ರಶ್ನೆ. ಅದಕ್ಕೆ ಉತ್ತರ ಬಾಗಿಲು ಮುಚ್ಚುವುದರಲ್ಲಿಲ್ಲ, ಕೆಳಗಿನ ಮಹಡಿಯನ್ನು ವಾಸಕ್ಕೆ ಯೋಗ್ಯ ಮಾಡುವುದರಲ್ಲಿದೆ. ಇಳಿದ ಕ್ಲಬ್‌ಗೆ ಮೂರು ವರ್ಷದವರೆಗೆ ಆಧಾರ ಧನ ಕೊಡುವ ಪದ್ಧತಿ ಇಂಗ್ಲೆಂಡಿನಲ್ಲಿದೆ. ಐ-ಲೀಗ್ ಪಂದ್ಯಗಳು ಟಿವಿಯಲ್ಲಿ ಸರಿಯಾಗಿ ಬಂದರೆ, ವೇಳಾಪಟ್ಟಿ ಆರು ತಿಂಗಳು ಮೊದಲೇ ಗೊತ್ತಾದರೆ, ಇಳಿಯುವುದು ಸಾವಿನಂತೆ ಕಾಣುವುದಿಲ್ಲ.

ಹೊಸ ಸಂವಿಧಾನದಲ್ಲಿ ಬರೆದದ್ದು ನಡೆಯುತ್ತದೆಯೇ ಅಂತ ನೋಡಲು ಮೂರು ಕಡೆ ಕಣ್ಣಿಟ್ಟರೆ ಸಾಕು. ಐಎಸ್‌ಎಲ್‌ನಿಂದ ನಿಜವಾಗಿ ಒಂದು ತಂಡ ಕೆಳಗಿಳಿಯುವ ಮೊದಲ ವರ್ಷ ಯಾವುದು? ಐ-ಲೀಗ್ 2 ಮತ್ತು 3ಕ್ಕೆ ಪ್ರಾದೇಶಿಕ ರೂಪ ಬರುತ್ತದೆಯೇ? ರಾಜ್ಯ ಲೀಗ್‌ಗಳು ಪ್ರತಿ ವರ್ಷ ಒಂದೇ ತಿಂಗಳು ಶುರುವಾಗಿ ಒಂದೇ ತಿಂಗಳು ಮುಗಿಯುತ್ತವೆಯೇ? ಮೂರನೆಯದಕ್ಕೆ ಕೋಟಿಗಟ್ಟಲೆ ದುಡ್ಡೂ ಬೇಕಿಲ್ಲ, ಕೋರ್ಟೂ ಬೇಕಿಲ್ಲ.

ಒಂದು ಸಂಗತಿ ಹೇಳಿಬಿಡುತ್ತೇನೆ. ದೇಶದ ದೊಡ್ಡ ಲೀಗ್ ಹನ್ನೊಂದು ವರ್ಷ ಮಾಡದ ಕೆಲಸವನ್ನು ಬೆಂಗಳೂರಿನ ಎ, ಬಿ, ಸಿ ಡಿವಿಷನ್‌ಗಳು ಹಿಂದಿನಿಂದ ಮಾಡಿಕೊಂಡು ಬಂದಿವೆ. ಗೆದ್ದವರು ಹತ್ತುತ್ತಾರೆ, ಸೋತವರು ಇಳಿಯುತ್ತಾರೆ. ಅಶೋಕನಗರದಲ್ಲಿ ಒಂದು ಎ ಡಿವಿಷನ್ ಪಂದ್ಯ ಮುಗಿದ ಮೇಲೆ ಗೆದ್ದ ತಂಡದ ನಾಲ್ಕೈದು ಹುಡುಗರು ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಅಂಕಪಟ್ಟಿ ಲೆಕ್ಕ ಹಾಕುತ್ತಿದ್ದರು. ಇನ್ನೆರಡು ಗೆದ್ದರೆ ಸೂಪರ್ ಡಿವಿಷನ್ ಅಂತ ಒಬ್ಬ ಅಂದ.

"ಅದಾದ್ಮೇಲೆ?" ಅಂತ ತಂಡದ ಅತಿ ಚಿಕ್ಕವನು ಕೇಳಿದ.

"ಅದ್ರಲ್ಲೂ ಗೆದ್ರೆ ಐ-ಲೀಗ್ 3."

"ಅದಾದ್ಮೇಲೆ?"

"2. ಆಮೇಲೆ ಐ-ಲೀಗ್."

"ಅದಾದ್ಮೇಲೆ?"

ಅಷ್ಟರಲ್ಲಿ ಕೋಚ್ ಬಂದರು. ಮುಂದಿನ ಪಂದ್ಯದ ತಂಡಕ್ಕೆ ಜಾಗ ಬಿಡ್ರೋ ಅಂದರು. ಹುಡುಗರು ಶೂ ಕುಟ್ಟಿ, ಹರಳು ಕೊಡವಿ, ಬ್ಯಾಗ್ ಹೆಗಲಿಗೇರಿಸಿ ಎದ್ದರು.